ದೊಡ್ಡವ್ವನ ಪಕ್ಕದ ಹಸಿರು ತುಂಡು

ನಮ್ಮೂರಿನಲ್ಲಿ ಇಬ್ಬರು ಮಾತು ಬಿಟ್ಟರೆ ಅದು ಮೊದಲು ಗೊತ್ತಾಗುವುದು ಕೌದಿಗೆ. ಹಿಂದಿನ ದಿನ ನೀರಿನ ಸರದಿಗಾಗಿ ಕೊಡ ಎತ್ತಿ ಜಗಳವಾಡಿದವರು ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿರಬಹುದು. ಆದರೆ ಊರಿನ ಯಾವುದೋ ಮನೆಯವರು ಹಾಸಿ ಹೊದೆಯುವ ಕೌದಿಯಲ್ಲಿ ಅವರಿಬ್ಬರ ಬಟ್ಟೆಯ ತುಂಡುಗಳು ಅಕ್ಕಪಕ್ಕ ಇದ್ದರೆ ಅವೆರಡರ ನಡುವಿನ ಹೊಲಿಗೆ ಬಿಟ್ಟಿರುತ್ತದೆ. ದಾರ ಹರಿದಿರುವುದಿಲ್ಲ, ಸುಮ್ಮನೆ ಜಾರಿ ಹೊರಗೆ ಬಂದಿರುತ್ತದೆ. ರಾಜಿಯಾದ ಮೇಲೆ ಮತ್ತೆ ಹೊಲಿದರೆ ನಿಲ್ಲುತ್ತದೆ, ಅದಕ್ಕೂ ಮುಂಚೆ ಎಂಥ ಗಟ್ಟಿ ದಾರ ಹಾಕಿದರೂ ನಿಲ್ಲುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಂಗಳವಾರ ಯಾರೂ ಕೌದಿ ಒಣಹಾಕುವುದಿಲ್ಲ. ಮಂಗಳವಾರ ಸಂತೆ. ಹಾದು ಹೋಗುವವರೆಲ್ಲ ಬದನೆಕಾಯಿಯ ಚೀಲ ಕೆಳಗಿಟ್ಟು, ಗೋಡೆಯ ಮೇಲಿನ ಕೌದಿಯನ್ನು ಪೇಪರ್ ಓದಿದ ಹಾಗೆ ಓದಿಬಿಡುತ್ತಾರೆ.

ನಾನು ಬಾಳಪ್ಪ, ಈ ಊರಿನ ಟೇಲರ್. ನನ್ನ ಅಂಗಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಮನೆಗೊಂದರಂತೆ ಗಂಟು ತೂಗುಹಾಕಿದ್ದೇನೆ. ಕುಬಸ ಹೊಲಿದು ಉಳಿದ ಗೇಣಗಲ, ಅಂಗಿ ಕತ್ತರಿಸಿ ಉಳಿದ ಬಗಲಿನ ಚೂರು, ಹುಡುಗಿಯರ ಪರಕಾರದ ಅಂಚು, ಯಾವುದನ್ನೂ ಎಸೆಯುವ ಹಾಗಿಲ್ಲ. ಒಮ್ಮೆ ಅಳತೆ ಕೊಟ್ಟು ಹೊಲಿಸಿದ ಮೇಲೆ ಉಳಿದ ಚೂರೂ ಅವರದೇ. ಮನೆಯಲ್ಲಿ ಮಗು ಹುಟ್ಟಿದರೆ, ಮದುವೆ ಗೊತ್ತಾದರೆ, ಗಂಟು ಬಿಚ್ಚಿ ತುಂಡು ಆರಿಸುವುದು ನನ್ನ ಕೆಲಸ. ಅವನ್ನು ಜೋಡಿಸಿ ಕೌದಿ ಹೊಲಿಯುವುದು ನನ್ನ ದೊಡ್ಡವ್ವ ಫಕೀರವ್ವನ ಕೆಲಸ.

ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ಎಪ್ಪತ್ತಾರು ವರ್ಷ. ಕಣ್ಣು ಮಂಜಾಗಿದೆ, ಬೆರಳು ಮಂಜಾಗಿಲ್ಲ. ಸೂಜಿಗೆ ದಾರ ಪೋಣಿಸಲು ಮಾತ್ರ ಯಾರನ್ನಾದರೂ ಕರೆಯುತ್ತಾಳೆ, ಆಮೇಲೆ ಅವರು ನಿಧಾನ ಮಾಡಿದರೆಂದು ಬೈಯುತ್ತಾಳೆ. ಊರಿನಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಯಾರನ್ನು ಕಂಡರೆ ಮುಖ ತಿರುಗಿಸುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಅದು ಗೊತ್ತಿಲ್ಲದವರು ಇಲ್ಲಿ ಕೌದಿ ಹೊಲಿಯಲಾರರು. ಇಬ್ಬರು ಜಗಳಗಂಟರ ತುಂಡುಗಳು ಹತ್ತಿರ ಬರಲೇಬೇಕಾದಾಗ ಅವಳ ಹತ್ತಿರ ಒಂದು ಉಪಾಯವಿತ್ತು. ನಡುವೆ ತೀರಿಕೊಂಡವರ ಬಟ್ಟೆಯ ತುಂಡು ಹಾಕುವುದು. ಹೋದವರಿಗೆ ಯಾರ ಮೇಲೂ ಸಿಟ್ಟಿಲ್ಲ, ಅವರ ಎರಡೂ ಬದಿಯ ಹೊಲಿಗೆ ನಿಲ್ಲುತ್ತದೆ. ನಮ್ಮೂರಿನ ಹಳೆಯ ಮಾಸ್ತರರೊಬ್ಬರು ಸತ್ತು ಮೂವತ್ತು ವರ್ಷವಾಯಿತು, ಅವರ ಬಿಳಿ ಅಂಗಿಯ ಚೂರು ಈಗಲೂ ನಲವತ್ತು ಮನೆಗಳಲ್ಲಿ ಜಗಳ ಬಿಡಿಸುತ್ತಿದೆ. ಬದುಕಿದ್ದಾಗ ಒಂದು ತರಗತಿಯ ಗಲಾಟೆ ನಿಲ್ಲಿಸಲಾಗುತ್ತಿರಲಿಲ್ಲ ಪಾಪ.

ದೊಡ್ಡವ್ವನ ಸ್ವಂತ ತುಂಡಿನ ಕಥೆ ಬೇರೆ. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೆಳಿಗ್ಗೆ ನನ್ನ ಹೆಂಡತಿ ಕಸ್ತೂರಿಯ ಮೇಲೆ, ಮಧ್ಯಾಹ್ನ ಹಾಲಿನವಳ ಮೇಲೆ, ಸಂಜೆ ದೇವರ ಮೇಲೆ. ತನ್ನ ತುಂಡು ಯಾರ ಪಕ್ಕ ಹಾಕಿದರೂ ವಾರದಲ್ಲಿ ಬಿಡುತ್ತದೆಂದು ಗೊತ್ತಿದ್ದ ಅವಳು, ಅದರ ನಾಲ್ಕೂ ಕಡೆ ಹೋದವರನ್ನೇ ಹಾಕುತ್ತಿದ್ದಳು. ಕೇಳಿದರೆ, "ಜೀವಂತ ಇದ್ದಾವರು ನನ್ನ ಬಾಜೂಕ ನಿಲ್ಲಂಗಿಲ್ಲೋ ಬಾಳ್ಯಾ, ನಾ ಮಾಡಿದ ಪುಣ್ಯಾ ಅಷ್ಟ," ಎಂದು ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ.

ಅವಳು ಹೋದವರನ್ನೇ ಪಕ್ಕ ಹಾಕಿಕೊಳ್ಳತೊಡಗಿದ್ದು ಹದಿನಾಲ್ಕು ವರ್ಷದ ಹಿಂದೆ. ನಮ್ಮದು ಮೂವರು ಅಣ್ಣತಮ್ಮಂದಿರ ಮನೆ. ದೊಡ್ಡಪ್ಪ ಹಿರಿಯ, ನಡುವಿನವ ನನ್ನ ಅಪ್ಪ, ಕಿರಿಯ ನನ್ನ ಕಾಕಾ. ಮೂರು ಸಂಸಾರಕ್ಕೆ ಸೇರಿ ಹುಟ್ಟಿದ್ದು ನಾನೊಬ್ಬನೇ, ನನ್ನನ್ನು ಹೆತ್ತ ಮೂರನೆಯ ತಿಂಗಳಿಗೆ ನನ್ನವ್ವ ಹಂಪವ್ವ ಹೋಗಿಬಿಟ್ಟಳು. ದೊಡ್ಡವ್ವ ಫಕೀರವ್ವ, ಕಾಕಾನ ಹೆಂಡತಿ ಚಿಗವ್ವ ನೀಲವ್ವ, ಇಬ್ಬರೂ ಸೇರಿ ನನ್ನನ್ನು ಬೆಳೆಸಿದರು. ಒಬ್ಬಳು ಬೈದರೆ ಇನ್ನೊಬ್ಬಳು ರಮಿಸುವುದು ಎಂದು ಅವರವರೇ ಒಪ್ಪಂದ ಮಾಡಿಕೊಂಡಿದ್ದರು, ಬೈಯುವ ಪಾಳಿ ಮಾತ್ರ ಯಾವಾಗಲೂ ದೊಡ್ಡವ್ವನದೇ. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿ, ಒಬ್ಬಳು ಆ ಅಂಚಿನಿಂದ, ಒಬ್ಬಳು ಈ ಅಂಚಿನಿಂದ ದಾರ ಹಾಕುತ್ತ ಬಂದು ನಡುವೆ ಕೂಡುತ್ತಿದ್ದರು. ಯಾವ ಹೊಲಿಗೆ ಯಾರದೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಕಾಕಾ ತೀರಿಕೊಂಡ ಒಂಬತ್ತನೆಯ ದಿನ ಚಿಗವ್ವ ಹೊಳೆಗೆ ಹೋಗಿದ್ದಳು. ಮೇಲಿನ ಓಣಿಯ ಮದುವೆಯೊಂದಕ್ಕೆ ಎರಡು ದಿನದಲ್ಲಿ ಕೌದಿ ಮುಗಿಯಬೇಕಿತ್ತು, ಬೀಗಿತ್ತಿಯರಿಬ್ಬರು ಹಾವು ಮುಂಗಸಿ, ನಡುವೆ ಹಾಕಲು ಮಾಸ್ತರರ ಅಂಗಿ ಗಂಟಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ದೊಡ್ಡವ್ವ ಒಳಗೆ ಹೋಗಿ ಗೂಟದ ಮೇಲಿದ್ದ ಕಾಕಾನ ಕೇಸರಿ ರುಮಾಲು ತೆಗೆದು ಕತ್ತರಿಸಿದಳು. ಯಾರನ್ನೂ ಕೇಳಲಿಲ್ಲ. ಚಿಗವ್ವ ಒದ್ದೆ ಸೀರೆಯಲ್ಲೇ ಗೂಟದ ಮುಂದೆ ನಿಂತು, "ಅದರಾಗ ಇನ್ನೂ ಅವರ ತಲಿ ವಾಸನಿ ಇತ್ತಲ್ಲಬೇ," ಅಂದಳು. ದೊಡ್ಡವ್ವನಿಗೆ ಆಗಲೇ ತಪ್ಪು ತಿಳಿದಿರಬೇಕು, ಆದರೆ ಬಾಯಿ ಎಂದಿನ ಹಾಗೇ ಆಡಿತು. "ಅರಿವಿ ಅಂದಮ್ಯಾಲ ಕತ್ತರಸೂದ. ಇಟಗೊಂಡು ಪೂಜಿ ಮಾಡ್ತಿದ್ದೇನು?"

ಮರುದಿನ ಹನ್ನೊಂದು ಮನೆಯವರು, ಇವರಿಬ್ಬರ ತುಂಡುಗಳ ನಡುವೆ ಹೊಲಿಗೆ ಬಿಟ್ಟ ಕೌದಿಗಳನ್ನು ಹೆಗಲ ಮೇಲೆ ಹೊತ್ತು ನಮ್ಮ ಬಾಗಿಲಿಗೆ ಬಂದರು. ಪಡಸಾಲೆಗೆ ಅಡ್ಡ ಗೋಡೆ ಎದ್ದಿತು. ದೊಡ್ಡವ್ವ ಮುಂದಿನ ಮನೆ, ಚಿಗವ್ವ ಹಿಂದಿನ ಮನೆ, ಎರಡು ಓಣಿಗೆ ಎರಡು ಬಾಗಿಲು. ನಾನು, ಕಸ್ತೂರಿ ಯಾರ ಕಡೆಗೂ ಸೇರದೆ ಪಕ್ಕದ ಮನೆಗೆ ಹೋದೆವು. ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಬರುವುದು ನಿಂತಿತು. ಚಿಗವ್ವ 'ಮುಂದಿನ ಮನಿಯಾಕಿ' ಎನ್ನುವಳು, ದೊಡ್ಡವ್ವ 'ಹಿಂದಿನ ಮನಿಯಾಕಿ'. ನಾನು ಅಂಗಡಿಯಲ್ಲಿ ಅವರಿಬ್ಬರ ಗಂಟುಗಳನ್ನು ಎದುರುಬದುರು ಗೋಡೆಗೆ ತೂಗುಹಾಕಿದೆ. ದೊಡ್ಡ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಈ ವರ್ಷ ನನ್ನ ಮಗಳು ಶಕ್ಕು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು. ಹದಿಮೂರನೆಯ ದಿನ ತೊಟ್ಟಿಲು, ಅಷ್ಟರೊಳಗೆ ಕೌದಿಯಾಗಬೇಕು. ಅಂದು ಕೌದಿ ಹೊಲಿದವಳು ತುಂಡು ತುಂಡಿನ ಮೇಲೆ ಬೆರಳಿಟ್ಟು ಇದು ಇಂಥವರದು ಎಂದು ಹೇಳುತ್ತಾಳೆ, ಅವರ ಉಡಿಗೆ, ಮಡಿಲಿಗೆ, ಮಗುವನ್ನು ಕೊಡುತ್ತಾರೆ. ಕೌದಿಯಲ್ಲಿ ತುಂಡಿಲ್ಲದವರಿಗೆ ಅಂದು ಮಗುವನ್ನು ಉಡಿಯಲ್ಲಿ ಹಾಕಿಕೊಳ್ಳುವ ಹಕ್ಕಿಲ್ಲ. ಎಲ್ಲ ಹೊಲಿಗೆ ಗಟ್ಟಿ ಇದ್ದರೆ ಮಗುವಿಗೆ ಹೆಸರು. ಒಂದು ಹೊಲಿಗೆ ಬಿಟ್ಟಿದ್ದರೂ ಹೆಸರು ಮುಂದಿನ ಹುಣ್ಣಿಮೆಗೆ ಹೋಗುತ್ತದೆ, ಊರಿನ ಬಾಯಿಗೆ ಅಲ್ಲಿಯವರೆಗೆ ಊಟ.

ಬೆಳಿಗ್ಗೆ ಚಿಗವ್ವ ಬಂದು ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆದು ಹೋಗುತ್ತಿದ್ದಳು. ಮಧ್ಯಾಹ್ನ ದೊಡ್ಡವ್ವ ಸೂಜಿದಾರದ ಡಬ್ಬಿ ಹಿಡಿದು ಬರುತ್ತಿದ್ದಳು. ಒಬ್ಬಳು ಹೋಗಿ ಒಬ್ಬಳು ಬರುವ ನಡುವೆ ಕಸ್ತೂರಿ ಬಾಗಿಲು ಗುಡಿಸಿ ಮಣೆ ಬದಲಿಸುತ್ತಿದ್ದಳು. ಒಬ್ಬರ ಮಣೆಯ ಮೇಲೆ ಒಬ್ಬರು ಕೂರದ ಹಾಗೆ ನೋಡಿಕೊಂಡು ಅವಳಿಗೆ ಹದಿನಾಲ್ಕು ವರ್ಷದ ಅಭ್ಯಾಸ.

ಎರಡನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ನಾನು ಚಿಗವ್ವನನ್ನು ಕೇಳಿದೆ. ಅವಳು ಕಾಲು ನೀಡಿ ಕೂತಿದ್ದಳು, ಕಾಲ ಮೇಲೆ ಕೂಸು.

"ಚಿಗವ್ವಾ, ಕೌದಿಗೆ ನಿಂದೊಂದು ತುಂಡ ಕೊಡ."

"ಹೊಲಿಯಾವರು ಯಾರು?"

"ಗೊತ್ತಲ್ಲ ನಿನಗ."

"ಹಂಗಾರ ಇಲ್ಲ. ನನ್ನ ಅರಿವಿ ಆ ಕತ್ರಿಗೆ ಸಿಗೂದಿಲ್ಲ."

"ತೊಟ್ಟಲದ ದಿನ ಕೂಸಿನ ಉಡಿಯಾಗ ಹಾಕ್ಕೊಳ್ಳಾಕ ಬರೂದಿಲ್ಲಲ್ಲಬೇ."

ಅವಳು ಕೂಸಿನ ಎದೆಯ ಮೇಲೆ ನೀರು ಹಾಕಿದಳು. "ದಿನಾ ಮುಂಜಾನಿ ನನ್ನ ಕಾಲ ಮ್ಯಾಲ ಮಕ್ಕೊಂತೈತಿ. ಅಷ್ಟ ಸಾಕು ನನಗ." ಅಷ್ಟು ಸಾಕಾಗುವುದಿಲ್ಲವೆಂದು ಅವಳ ದನಿಯಲ್ಲೇ ಇತ್ತು. ನಾನು ಮತ್ತೆ ಕೇಳಲಿಲ್ಲ. ಕೇಳದೆ ಅವಳ ಗಂಟಿನಿಂದ ಒಂದು ಚೂರು ಎತ್ತಿಕೊಂಡರೆ ಅದು ರುಮಾಲಿನ ಪಾಪವನ್ನೇ ಇನ್ನೊಮ್ಮೆ ಮಾಡಿದ ಹಾಗೆ, ಅಷ್ಟು ಬುದ್ಧಿ ನನಗಿತ್ತು.

ಅದೇ ಮಧ್ಯಾಹ್ನ ದೊಡ್ಡವ್ವ ತುಂಡುಗಳನ್ನು ಹರಡಿಕೊಂಡಳು. ಶಕ್ಕುವಿನ ಗಂಡನ ಮನೆಯವರದೆಲ್ಲ ಒಂದು ಅಂಚಿಗೆ, ನಮ್ಮವರದು ಇನ್ನೊಂದು ಅಂಚಿಗೆ, ನಟ್ಟನಡುವೆ ತನ್ನ ನೇರಳೆ ಕುಬಸದ ತುಂಡು. ಅದರ ಒಂದು ಬದಿ ದೊಡ್ಡಪ್ಪನ ಧೋತರ, ಒಂದು ಬದಿ ನನ್ನ ಅಪ್ಪನ ಕೋಟಿನ ಅಸ್ತರು, ಮೇಲೆ ಮಾಸ್ತರರ ಅಂಗಿ. ಅದು ಎಲ್ಲಿಂದ ಸಿಕ್ಕಿತೋ ನಾನು ಕೇಳಲಿಲ್ಲ. ಕೆಳಗಿನ ಬದಿ ಖಾಲಿ ಇತ್ತು.

"ನಿಮ್ಮವ್ವಂದು ಹಸರ ತುಂಡ ಐತೆಲ್ಲ, ತಾ," ಅಂದಳು. "ಹಂಪಿ ಜೋಡಿ ನಾ ಎಂದೂ ಜಗಳಾಡಿಲ್ಲ. ಆಡಾಕ ಟೈಮ ಎಲ್ಲಿ ಕೊಟ್ಟಳು ಆಕಿ."

ಅವ್ವನದೆಂದು ನನ್ನಲ್ಲಿ ಉಳಿದಿದ್ದು ಅದೊಂದೇ. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಅಂಗೈ ಅಗಲದ ಗಿಣಿಹಸಿರು ತುಂಡು, ಅವಳ ಮದುವೆಯ ಸೀರೆಯದು. ಚಿಕ್ಕಂದಿನಲ್ಲಿ ಅದನ್ನು ಮುಷ್ಟಿಯಲ್ಲಿ ಹಿಡಿಯದೆ ನಾನು ನಿದ್ದೆ ಮಾಡಿದ್ದಿಲ್ಲ. ಶಾಲೆಯಲ್ಲಿ ಪೆಟ್ಟು ತಿಂದ ದಿನ ಅದಕ್ಕೆ ಮುಖ ಒತ್ತಿ ಅತ್ತಿದ್ದೇನೆ. ಮದುವೆಯ ದಿನ ಬಾಸಿಂಗ ಕಟ್ಟುವ ಮುಂಚೆ ಡಬ್ಬಿ ತೆಗೆದು ಅದನ್ನು ಮುಟ್ಟಿ ಬಂದಿದ್ದೇನೆ. ಕೊಡಲು ಕೈ ಬರಲಿಲ್ಲ ನಿಜ, ಆದರೆ ಮೊಮ್ಮಗಳಿಗಲ್ಲದೆ ಇನ್ಯಾರಿಗೆ? ದೊಡ್ಡವ್ವ ಅದನ್ನು ಕತ್ತರಿಸದೆ ಇಡಿಯಾಗಿಯೇ ತನ್ನ ನೇರಳೆಯ ಪಕ್ಕ ಇಟ್ಟು ಹೊಲಿದಳು.

ಒಂಬತ್ತನೆಯ ದಿನದ ಬೆಳಿಗ್ಗೆ ಎಡವಟ್ಟಾಯಿತು. ದೊಡ್ಡವ್ವ ಸುತ್ತಿಟ್ಟು ಹೋಗಿದ್ದ ಅರೆಬರೆ ಕೌದಿಯನ್ನು ಶಕ್ಕು, ಎರೆದು ತಂದ ಕೂಸಿನ ಕೆಳಗೆ ಹಾಸಿಬಿಟ್ಟಳು. ಚಿಗವ್ವ ಕೂಸಿಗೆ ಲೋಬಾನದ ಹೊಗೆ ಹಿಡಿಯಲು ಬಂದವಳು ಕೌದಿ ನೋಡಿ ನಿಂತೇ ಬಿಟ್ಟಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ಬಾಳ್ಯಾ, ಆ ಹಸರ ಎಲ್ಲಿಂದ ತಂದಿ?"

"ಅವ್ವಂದು. ಡಬ್ಬ್ಯಾಗಿಂದು."

"ಅದು ನಿಮ್ಮವ್ವಂದಲ್ಲೋ. ನಂದು."

ನಾನು ಅವಳ ಮುಖ ನೋಡಿದೆ. ಅವಳು ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದಳು. "ನಿಮ್ಮವ್ವಂದು ನನ್ನದು ಒಂದ ಹಂದರದಾಗ ಮದವಿ ಆತು. ಇಬ್ಬರಿಗೂ ಒಂದ ಮಗ್ಗದ ಹಸರ ಸೀರಿ ತಂದಿದ್ದರು. ಆಕಿ ತುಂಡ ನೀ ಐದ ವರ್ಷದಾಂವ ಇದ್ದಾಗ ತೀರಿತು. ದಿನಾ ಬಾಯಾಗ ಇಟ್ಟು ಚೀಪಿ ಚೀಪಿ ತಿಂದ ಮುಗಿಸಿದಿ. ಒಂದಿನ ಮುಂಜಾನೆ ನೋಡ್ತೀನಿ, ಮುಷ್ಟ್ಯಾಗ ನಾಕ ಎಳಿ ಅಷ್ಟ ಉಳದಾವ. ನೀ ಎದ್ದ ಅತ್ತಗಿತ್ತಿ ಅಂತ, ಕಣ್ಣ ತೆರೆಯೂದರಾಗ ನನ್ನ ಸೀರಿ ಸೆರಗಿಂದ ಅಷ್ಟ ಕತ್ತರಿಸಿ ನಿನ್ನ ಕೈಯಾಗ ಇಟ್ಟೆ. ಯಾರಿಗೂ ಹೇಳಲಿಲ್ಲ, ಆಕಿಗೂ." ಮುಂದಿನ ಮನೆಯ ಕಡೆ ಗದ್ದ ತೋರಿಸಿದಳು. "ಈಗೂ ಹೇಳಬ್ಯಾಡ."

ನನಗೆ ಆ ಗಳಿಗೆಯಲ್ಲಿ ಅವ್ವನ ನೆನಪು ಬರಲಿಲ್ಲ, ಭಯ ಬಂತು. ಒಳಗೆ ಓಡಿ ಹೋಗಿ ನೋಡಿದೆ. ಹಸಿರು ಮತ್ತು ನೇರಳೆಯ ನಡುವಿನ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಇದು ಹೇಗೆ ಸಾಧ್ಯ ಎಂದು ನಾನು ನನ್ನ ಟೇಲರ್ ಬುದ್ಧಿಗೆ ತಕ್ಕಂತೆ ಲೆಕ್ಕ ಹಾಕಿದೆ. ನಲವತ್ತೇಳು ವರ್ಷ 'ಅವ್ವನ ತುಂಡು' ಎಂದು ಕರೆಸಿಕೊಂಡ ಬಟ್ಟೆ ತಾನು ಹೋದವಳದು ಎಂದೇ ನಂಬಿಕೊಂಡಿರಬೇಕು. ನಿಜ ಬಾಯಿಂದ ಹೊರಬಿದ್ದು ದೊಡ್ಡವ್ವನ ಕಿವಿಗೆ ಹೋದ ಕೂಡಲೇ ಬಿಟ್ಟುಹೋಗುತ್ತದೆ. ಹೇಳದಿದ್ದರೆ ಕೂಸಿಗೆ ಹೆಸರಾಗುತ್ತದೆ, ಆದರೆ ಕೌದಿಯ ಎದೆಯಲ್ಲೇ ತನ್ನ ತುಂಡಿದ್ದೂ ಚಿಗವ್ವ ಬಾಗಿಲಲ್ಲಿ ನಿಂತು ನೋಡಬೇಕು. ಹೇಳಿದರೆ ಬೀಗರ ಮುಂದೆ ಹೊಲಿಗೆ ಬಿಟ್ಟು ಹೆಸರು ತಪ್ಪುತ್ತದೆ, ದೊಡ್ಡವ್ವನ ಕಟ್ಟಕಡೆಯ ಕೌದಿ ಹಾಳಾಗುತ್ತದೆ. ಕಟ್ಟಕಡೆಯದು ಎಂದು ಅವಳೇ ಹೇಳಿದ್ದಳು. ಕಣ್ಣು ಇನ್ನು ಸಾಕು ಎನ್ನುತ್ತಿದೆಯಂತೆ.

ನಾಲ್ಕು ದಿನ ನಾನು ಆ ಹೊಲಿಗೆ ಕಾದೆ. ಊಟಕ್ಕೆ ಬಂದರೆ ಮೊದಲು ಕೌದಿ ನೋಡುವುದು, ಆಮೇಲೆ ಕೈ ತೊಳೆಯುವುದು. ಒಬ್ಬರ ಕುಬಸದ ತೋಳು ಇನ್ನೊಬ್ಬರ ಕುಬಸಕ್ಕೆ ಹೊಲಿದಿಟ್ಟೆ. ಕಸ್ತೂರಿ, "ಅಜ್ಜ ಆದಕೂಡ್ಲೆ ಅರಳುಮರಳು ಸುರು ಆತೇನು?" ಎಂದಳು. ಅವಳಿಗೂ ಹೇಳುವ ಧೈರ್ಯ ನನಗೆ ಬರಲಿಲ್ಲ. ನಾನು ಹುಟ್ಟಾ ಪುಕ್ಕಲ, ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ತೊಟ್ಟಿಲ ದಿನ ಬೀಗರು ಬಂದರು. ಅವರ ಊರಿನಲ್ಲಿ ಹೊಲಿದದ್ದು ಹೊಲಿದ ಹಾಗೇ ಇರುತ್ತದಂತೆ. ಯಾರು ಯಾರೊಡನೆ ಮಾತು ಬಿಟ್ಟರೆಂದು ಹೇಗೆ ತಿಳಿಯುತ್ತೀರಿ ಎಂದು ಕಸ್ತೂರಿ ಅಳಿಯನ ತಾಯಿಯನ್ನು ಕನಿಕರದಿಂದ ಕೇಳಿದಳು. ನಮ್ಮ ಪಡಸಾಲೆ ತುಂಬಿತು. ಪಾಳಿಗಳು ಕೂಡಿದ್ದು ಅಂದೇ. ಚಿಗವ್ವ ಬೆಳಿಗ್ಗೆ ಕೂಸಿಗೆ ಎರೆದವಳು ಹೋಗದೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದೊಡ್ಡವ್ವ ನಟ್ಟನಡುವೆ ಕೌದಿ ಹಾಸಿ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದಿರಲು ಪಡುತ್ತಿದ್ದ ಕಷ್ಟ ನೋಡಲಾಗುತ್ತಿರಲಿಲ್ಲ.

ದೊಡ್ಡವ್ವ ಅಂಚಿನಿಂದ ಶುರು ಮಾಡಿದಳು. ಬೆರಳಿನಿಂದ ಸವರಿ, "ಇದು ಅಳಿಯನ ತಾಯಿದು," ಎಂದರೆ ಆಕೆಯ ಉಡಿಗೆ ಕೂಸು. "ಇದು ಕಸ್ತೂರಿದು. ಮೊನ್ನಿ ಸಾರಿಗೆ ಉಪ್ಪ ಹೆಚ್ಚ ಹಾಕಿದ್ದಳು, ಹೊಲಿಗಿ ಬಿಟ್ಟಿಲ್ಲ, ಆಕಿ ಪುಣ್ಯಾ." ಎಲ್ಲರೂ ನಕ್ಕರು. ಕೂಸು ಒಂದು ಉಡಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹೋದವರ ತುಂಡು ಬಂದಾಗ ಕೂಸನ್ನು ಯಾರಿಗೂ ಕೊಡುವುದಿಲ್ಲ, ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರುತ್ತಾರೆ. ದೊಡ್ಡಪ್ಪನಿಗೆ ಕೂತೆವು, ಅಪ್ಪನಿಗೆ ಕೂತೆವು. ಆಮೇಲೆ ಅವಳ ಬೆರಳು ಹಸಿರಿಗೆ ಬಂತು.

"ಇದು ನಮ್ಮ ಹಂಪವ್ವಂದು."

ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ನನಗೆ ಕೇಳಿಸಿದ್ದು ಒಂದೇ ಸದ್ದು. ಅಡಿಗೆಮನೆಯ ಬಾಗಿಲಲ್ಲಿ ಚಿಗವ್ವ ಒಣಗಿದ ಕೈಗಳನ್ನೇ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ, ಇನ್ನೇನು ಕೂಸನ್ನು ಕೈಗೆ ಕೊಡುತ್ತಾರೆ ಎನ್ನುವ ಹಾಗೆ. ನನಗೆ ತಡೆಯಲಾಗಲಿಲ್ಲ.

"ದೊಡ್ಡವ್ವಾ, ಅದು ಅವ್ವಂದಲ್ಲ."

"ಮತ್ಯಾರದು?"

"ಚಿಗವ್ವಂದು."

ಪಡಸಾಲೆಯ ಹೆಂಗಸರೆಲ್ಲ ಒಮ್ಮೆಗೇ ಕೌದಿಯ ಮೇಲೆ ಬಾಗಿದರು. ಏನಾಯಿತು ಏನಾಯಿತು ಎಂದು ಬೀಗಿತ್ತಿ ಕೇಳುತ್ತಿದ್ದಳು, ಯಾರೂ ಹೇಳಲಿಲ್ಲ. ನಾನು ಹೊಲಿಗೆಯನ್ನೇ ನೋಡುತ್ತಿದ್ದೆ. ದಾರ ಅಲುಗಲಿಲ್ಲ. ದೊಡ್ಡವ್ವ ಹೆಬ್ಬೆರಳ ಉಗುರು ಹೊಲಿಗೆಯ ಕೆಳಗೆ ತೂರಿಸಿ ಎಳೆದಳು. ಬಿಡಲಿಲ್ಲ. ಎರಡೂ ಕೈಯಿಂದ ಹಸಿರನ್ನು ಅತ್ತ, ನೇರಳೆಯನ್ನು ಇತ್ತ ಹಿಡಿದು ಜಗ್ಗಿದಳು. ಆಗಲೂ ಬಿಡಲಿಲ್ಲ.

"ಇದನ್ನ ಯಾವಾಗ ಹೊಲದಿದ್ದೆ ನಾನು?"

"ಎರಡನೇ ದಿನ."

ಅವಳು ಬೆರಳು ಮಡಚಿ ಎಣಿಸಿದಳು. "ಹನ್ನೊಂದ ದಿನ," ಅಂದಳು. "ಹನ್ನೊಂದ ದಿನ ನನ್ನ ತುಂಡ ಜೀವಂತ ಮನಶ್ಯಾಳ ಬಾಜೂಕ ಕುಂತೈತಿ." ಹಸಿರಿನ ಮೇಲೆ ಅಂಗೈ ಇಟ್ಟು ಬಾಗಿಲ ಕಡೆ ತಿರುಗಿದಳು. ಆಮೇಲೆ ಅವಳು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೆಸರು ಕರೆದಳು.

"ನೀಲಾ."

ಚಿಗವ್ವ ಅಲ್ಲಾಡಲಿಲ್ಲ. "ಈ ಸಲಾನೂ ಕೇಳಲಿಲ್ಲ," ಅಂದಳು ಬಾಗಿಲಿನಿಂದಲೇ, ಖಾರವಾಗಿ. "ಮತ್ತ ನನ್ನ ಅರಿವಿ ಕೇಳಲಾರದ ತಗೊಂಡಿ."

ಎಲ್ಲರ ಕಣ್ಣು ಮತ್ತೆ ಹೊಲಿಗೆಗೆ ಹೋಯಿತು.

"ಕೇಳಲಿಲ್ಲ," ಅಂದಳು ದೊಡ್ಡವ್ವ. "ಇದು ನನಗ ಗೊತ್ತಿರಲಿಲ್ಲ. ಆ ರುಮಾಲ ಯಾರದಂತ ಗೊತ್ತಿತ್ತು. ಅವತ್ತ ಕೇಳಬೇಕಾಗಿತ್ತು ನಾನು. ತಪ್ಪಾತವಾ." ಹೇಳುತ್ತ ಸೂಜಿದಾರದ ಡಬ್ಬಿಯನ್ನು ತಡಕಿ, ದಾರದ ಉಂಡೆಗಳ ಕೆಳಗಿನಿಂದ ಮಡಚಿದ ಒಂದು ಕೇಸರಿ ತುಂಡು ತೆಗೆದಳು. ಕಾಕಾನ ರುಮಾಲು, ಅಂಗೈ ಅಗಲ. "ಇಷ್ಟ ಉಳಿಸಿದ್ದೆ. ಎಷ್ಟ ಮಂದಿ ಬೇಡಿದರೂ ಇದನ್ನ ಕೊಡಲಿಲ್ಲ. ನಿನಗ ಕೊಡಾಕ ಹಿಂದಿನ ಬಾಗಲತನಾ ಬಂದು ಬಂದು ಹೊಳ್ಳಿ ಹೋಗೇನಿ."

ಚಿಗವ್ವ ಬಂದಳು. ದೊಡ್ಡವ್ವನ ಎದುರು, ಕೌದಿಯ ಆ ಅಂಚಿಗೆ, ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತಳು. ತುಂಡನ್ನು ತೆಗೆದುಕೊಂಡು ಮೂಗಿಗೆ ಹಿಡಿದಳು.

"ಅವರ ವಾಸನಿ ಹೋಗೇತಿ."

"ಹೋಗೇತಿ."

"ನಿನ್ನ ಡಬ್ಬಿ ವಾಸನಿ ಹತ್ತೈತಿ. ಎಲಿ ಅಡಿಕಿ, ಸುಣ್ಣಾ."

"ಎಲಿ ಅಡಿಕಿನೂ ಅದರಾಗ ಇಡತೇನಲ್ಲ, ಮತ್ತೇನ ಮಾಡ್ಲಿ," ಅಂದಳು ದೊಡ್ಡವ್ವ, ಮತ್ತೆ ತನ್ನ ಹಳೆಯ ದನಿಯಲ್ಲಿ. ಇಬ್ಬರೂ ಅಳುತ್ತಿದ್ದರು. ಚಿಗವ್ವ ರುಮಾಲಿನ ತುಂಡನ್ನು ಕುಬಸದೊಳಗೆ ಇಟ್ಟುಕೊಂಡಳು. ದೊಡ್ಡವ್ವ ಹಸಿರಿನ ಮೇಲೆ ಮತ್ತೆ ಬೆರಳಿಟ್ಟು, ಬೀಗಿತ್ತಿಗೂ ಕೇಳುವಷ್ಟು ಗಟ್ಟಿಯಾಗಿ, "ಇದು ನಮ್ಮ ನೀಲವ್ವಂದು," ಎಂದಳು. ಕೂಸು ಚಿಗವ್ವನ ಉಡಿಗೆ ಬಂತು. ಅವಳ ಉಡಿಯಲ್ಲೇ ಅದಕ್ಕೆ ಹಂಪವ್ವ ಎಂದು ಹೆಸರಿಟ್ಟೆವು.

ಆಮೇಲೆ ನನಗೆ ಅರ್ಥವಾದದ್ದಿಷ್ಟು. ಬಟ್ಟೆ ಯಾವ ಭ್ರಮೆಯಲ್ಲೂ ಇರಲಿಲ್ಲ. ಅವರಿಬ್ಬರ ಸಿಟ್ಟು ಯಾವತ್ತೋ ಮುಗಿದುಹೋಗಿತ್ತು, ಎಷ್ಟು ವರ್ಷದ ಹಿಂದೆ ಎಂದು ಇನ್ನು ಯಾರೂ ಹೇಳಲಾರರು. ಹೊಲಿಗೆ ಬಿಟ್ಟಾಗ ಇಡೀ ಊರು ನೋಡಿತು. ಆಮೇಲೆ ಅವರ ತುಂಡುಗಳನ್ನು ಮತ್ತೊಮ್ಮೆ ಪಕ್ಕಪಕ್ಕ ಇಟ್ಟು ಹೊಲಿದು ನೋಡಿದವರೇ ಇಲ್ಲ. ಎಲ್ಲರೂ ಹುಷಾರಾಗಿ ದೂರ ದೂರ ಇಟ್ಟೆವು, ಎಲ್ಲರಿಗಿಂತ ಹುಷಾರಾಗಿ ನಾನು. ಎದುರುಬದುರು ಗೋಡೆಯ ಮೊಳೆಗಳ ನೆನಪಾಗಿ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಮರುದಿನ ಹೋಗಿ ಮೊದಲು ಆ ಗಂಟುಗಳನ್ನು ಒಂದೇ ಮೊಳೆಗೆ ಹಾಕಿದೆ.

ಹಾಕಿ ಮಷೀನಿನ ಮುಂದೆ ಕೂತಾಗ ಇನ್ನೊಂದು ವಿಷಯ ಬಂತು, ಹಿತ್ತಲಲ್ಲಿ ಕೇಳಿದಾಗ ಭಯದ ಹಿಂದೆ ನಿಂತುಕೊಂಡಿದ್ದದ್ದು. ಅವ್ವನದೆಂದು ನನ್ನ ಹತ್ತಿರ ಏನೂ ಇಲ್ಲ. ಐದನೆಯ ವರ್ಷಕ್ಕೇ ತೀರಿಹೋಗಿತ್ತು. ಶಾಲೆಯಲ್ಲಿ ಪೆಟ್ಟು ತಿಂದು ನಾನು ಮುಖ ಒತ್ತಿ ಅತ್ತದ್ದು ಚಿಗವ್ವನ ಸೆರಗಿಗೆ. ಮದುವೆಯ ದಿನ ಯಾರಿಗೂ ಹೇಳದೆ ಮುಟ್ಟಿ ಬಂದದ್ದು ಚಿಗವ್ವನ ಸೆರಗು, ಆಕೆ ಹೊರಗೆ ಹಂದರದಲ್ಲಿ ಅಕ್ಕಿ ಹಿಡಿದು ನಿಂತಿದ್ದಾಗ. ಸತ್ತವಳೊಬ್ಬಳು ನನ್ನನ್ನು ಕಾಯುತ್ತಾಳೆ ಎಂದು ಇಷ್ಟು ವರ್ಷ ಧೈರ್ಯ ತಂದುಕೊಂಡಿದ್ದೆ, ಕಾದವಳು ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಅವ್ವನಿಗಾಗಿ ಅತ್ತೆನೋ ಚಿಗವ್ವನಿಗಾಗಿ ಅತ್ತೆನೋ, ಐವತ್ತೆರಡು ವರ್ಷದವನು ಕೊರಳಲ್ಲಿ ಟೇಪು ಹಾಕಿಕೊಂಡು ಅಂಗಡಿಯಲ್ಲಿ ಕೂತು ಚೆನ್ನಾಗಿ ಅತ್ತೆ. ಕುಬಸದ ಅಳತೆ ಕೊಡಲು ಬಂದವಳೊಬ್ಬಳು ಹಾಗೇ ವಾಪಸು ಹೋದಳು.

ಈಗ ಹಂಪವ್ವನಿಗೆ ಏಳು ತಿಂಗಳು. ಹಳೆಯ ಮನೆಯ ಪಡಸಾಲೆಯ ಗೋಡೆ ಇನ್ನೂ ಇದೆ, ನಡುವೆ ಒಂದು ಬಾಗಿಲು ಒಡೆಸಿದ್ದೇವೆ. ಕಟ್ಟಕಡೆಯ ಕೌದಿ ಎಂದಿದ್ದ ದೊಡ್ಡವ್ವ ಆಮೇಲೆ ಮೂರು ಹೊಲಿದಿದ್ದಾಳೆ, ಅವಳ ಕಣ್ಣಿನ ಬದಲು ಎದುರು ಅಂಚಿಗೆ ಚಿಗವ್ವ ಕೂರುತ್ತಾಳೆ. ದಾರ ದಪ್ಪವಾಯಿತು, ಹೊಲಿಗೆ ಸೊಟ್ಟವಾಯಿತು ಎಂದು ದಿನವೂ ಜಗಳ. ಮೊದಮೊದಲು ನಾನು ಓಡಿ ಬಂದು ಕೌದಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ.

ಮೊನ್ನೆ ಮಂಗಳವಾರ, ಸಂತೆಯ ಹೊತ್ತಿಗೇ, ದೊಡ್ಡವ್ವ ಬೇಕೆಂದೇ ಕೂಸಿನ ಕೌದಿಯನ್ನು ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಹರವಿದಳು. ಜನ ಚೀಲ ಇಳಿಸಿ ಓದಿಕೊಂಡು ಹೋದರು. ಹಂಪವ್ವನನ್ನು ಅದರ ಮೇಲೆ ಬೋರಲು ಹಾಕಿದ್ದರು. ಅವಳು ತೆವಳಿ ನಡುವಿಗೆ ಹೋಗಿ, ಹಸಿರು ತುಂಡನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ಬಾಯಿಗಿಟ್ಟು ಚೀಪತೊಡಗಿದಳು. ಬಿಡಿಸಲು ನಾನು ಬಾಗಿದೆ. ಚಿಗವ್ವ ನನ್ನ ಕೈಗೆ ಮೆಲ್ಲಗೆ ಹೊಡೆದಳು.

"ತಿನ್ನಲಿ ಬಿಡೋ. ಪೆಟಗ್ಯಾಗ ನನ್ನ ಸೀರಿ ಇನ್ನೂ ಆರ ಮೊಳಾ ಐತಿ."